ಜೀವಂತ ಕುರುಡು ಹಾವಿನ ಹುರುಪೆ ಎಣಿಸುವುದು: ನನ್ನ ಅನುಭವ

ಸ್ಪಿರಿಟ್ ಬಾಟಲಿಯಲ್ಲಿಟ್ಟ ಸತ್ತ ಹಾವು, ಮೈಕ್ರೋಸ್ಕೋಪು ಇಲ್ಲದೆ ಕುರುಡು ಹಾವಿನ (ಮಣ್ಣೊಳಗಿರುವ, ಎರೆಹುಳುವಿನಂತೆ ಕಾಣುವ ಪುಟ್ಟ ಹಾವು) ಮೈ ಸುತ್ತಲಿನ ಹುರುಪೆ ಸಾಲು ಎಣಿಸಿ ಜಾತಿ ಗುರುತಿಸೋದು ಆಗದ ಮಾತು ಅಂತ ನಮ್ಮ ಕಡೆ ಹಾವು ಹಿಡಿಯುವವರೆಲ್ಲ ನಕ್ಕಿದ್ದರು. ಈಗ ಗಂಗಾವತಿ, ಕೊಪ್ಪಳದ ನರ್ಸರಿ ಕುಂಡಗಳಲ್ಲಿ ಸಿಕ್ಕವುಗಳಿಗೆ ಸಲೀಸಾಗಿ 20 ಸಾಲು ಲೆಕ್ಕ ಸಿಗುತ್ತಿದೆ, ಹಾವೂ ಅದೇ ಕುಂಡಕ್ಕೆ ವಾಪಸ್ಸು.

ಮೈಗೆ ಎರೆಹುಳುವಿನಂಥ ಉಂಗುರ ಇಲ್ಲ, ನಾಲಗೆ ಆಡುತ್ತದೆ, ಬಾಲದ ತುದಿಗೆ ಮುಳ್ಳು. ಎರೆಹುಳು ಅಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ತೊಡಕು ಇರೋದು ಎಣಿಕೆಯಲ್ಲಿ. ಬೇರೆ ಹಾವಿಗೆ ಹೊಟ್ಟೆಯಡಿ ಅಗಲ ಪಟ್ಟಿ ಇರುತ್ತದೆ, ಅಲ್ಲಿಂದ ಶುರು ಮಾಡಬಹುದು. ಇದಕ್ಕೆ ಸುತ್ತಲೂ ಒಂದೇ ಅಳತೆಯ ಹುರುಪೆ.

ಎಣಿಸೋಕೆ ಹಾವನ್ನು ಪಾರದರ್ಶಕ ನಳಿಗೆಯೊಳಗೆ ಬಿಡಬೇಕು. ಸಲೈನ್ ಪೈಪು ಪುಕ್ಕಟೆ ಸಿಗುತ್ತದೆ, ಆದರೆ ಬಾಗಿ ಹುರುಪೆ ಸೊಟ್ಟಗೆ ಕಾಣುತ್ತವೆ. ದಪ್ಪ ಸ್ಟ್ರಾ ಒಳಗೆ ಹಾವು ಮಡಚಿ ತಿರುಗಿ ಬಂದ ದಾರಿ ಹಿಡಿಯುತ್ತದೆ. ಕೆಲಸ ಆದದ್ದು ಒಳ ಅಳತೆ ಸುಮಾರು 4 ಮಿ.ಮೀ. ಇರುವ ಗಾಜಿನ ನಳಿಗೆಯಿಂದ. ಮೂವತ್ತೋ ನಲವತ್ತೋ ರೂಪಾಯಿ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಮುನ್ನೂರರ ಆಸುಪಾಸು. ನೂರರ ಲೆನ್ಸು ಅಂಚೆಲ್ಲ ಮಬ್ಬು, ದುಡ್ಡು ದಂಡ. ಎರಡೂ ತುದಿಗೆ ಸಡಿಲ ಹತ್ತಿ, ಒಳಗೆ ಒಂದೇ ಹನಿ ನೀರು. ಗಾಜಿಗೂ ಮೈಗೂ ನಡುವೆ ನೀರು ಹರಡಿದರೆ ಹೊಳಪು ಇಳಿಯುತ್ತದೆ. ಫ್ಲ್ಯಾಶ್ ಬೇಡ, ಬೆಳಕು ಪಕ್ಕದಿಂದ ಬರಲಿ.

ಮೈ ಪೂರ್ತಿ ತೊಳೆಯಬೇಡಿ. ನಡುಮೈಯ ಒಂದು ಹುರುಪೆಗೆ ಅಂಟಿದ ಮಣ್ಣಿನ ಚುಕ್ಕೆಯೇ ಗುರುತು. ನಳಿಗೆ ಹೊರಳಿಸಿದರೆ ಹಾವೂ ಒಳಗೇ ತಿರುಗಿಕೊಳ್ಳುತ್ತದೆ. ಅದಕ್ಕೇ ನಳಿಗೆಯನ್ನು ಎರಡು ಇಟ್ಟಿಗೆ ಮೇಲೆ ಅಡ್ಡ ಇಟ್ಟು ಮೊಬೈಲನ್ನೇ ಸುತ್ತ ಒಯ್ಯಿರಿ. ಒಂದು ಫೋಟೊದ ಅಂಚು ಮುಂದಿನದರಲ್ಲೂ ಬರಬೇಕು. ಚುಕ್ಕೆಯಿಂದ ಹೊರಟು ಚುಕ್ಕೆಗೇ ಬನ್ನಿ, ಅಂಕುಡೊಂಕಾಗಿ. ನೇರ ಅಡ್ಡಕ್ಕೆ ಎಣಿಸಿದರೆ 10 ಬರುತ್ತದೆ: ಹುರುಪೆ ಮಂಗಳೂರು ಹಂಚು ಹೊದಿಸಿದಂತೆ ಕೂತಿರುವುದರಿಂದ ಒಂದು ಬಿಟ್ಟು ಒಂದು ಸಾಲು ತಪ್ಪುತ್ತದೆ. 20 ದಾಟಿ ಬಹಳ ಮೇಲೆ ಹೋಗಿ ಮೂತಿಯೂ ಕೊಕ್ಕಾಗಿ ಬಾಗಿದ್ದರೆ ಅದು ಬೇರೆ ಜಾತಿ, ಕೊಕ್ಕಿನ ಕುರುಡು ಹಾವು. ಎರಡು ಅಡಿವರೆಗೂ ಬೆಳೆಯುತ್ತದೆ, ದೊಡ್ಡದು ಈ ನಳಿಗೆಗೆ ಹಿಡಿಸದು.

ಪೊರೆ ಬಿಡುವ ಮುಂಚೆ ಮೈ ನೀಲಿಬಿಳಿ ಮಬ್ಬಾಗುತ್ತದೆ, ಆಗ ಎಣಿಸಲು ಹೋಗಬೇಡಿ. ನಮ್ಮ ಬಿಸಿಲಲ್ಲಂತೂ ನಳಿಗೆ ಇಟ್ಟರೆ ನಿಮಿಷಗಳಲ್ಲಿ ಹಾವು ಸತ್ತೀತು. ನೆರಳಲ್ಲಿ ಐದು ನಿಮಿಷದೊಳಗೆ ಮುಗಿಸಿ. ಕೈ ಮುಟ್ಟದೆ ತಲೆಯನ್ನು ನಳಿಗೆಗೆ ಹೊಗಿಸುವ ಉಪಾಯ ಮಾತ್ರ ಇಲ್ಲಿ ಬರೆಯೋಲ್ಲ, ಎದುರಿಗೆ ಸಿಕ್ಕವರಿಗೆ ತೋರಿಸುತ್ತೇನೆ.

ಇದರ ನಡುವೆ ಮಣ್ಣಿನದೂ ಒಂದು ಪರೀಕ್ಷೆ ನಡೆಯಿತು. ಗೊಬ್ಬರ ಬೆರೆತ ಮಸಾರಿ ಮಣ್ಣಿಗೆ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಒಣ ಎರೆಮಣ್ಣಿನ ಹೆಂಟೆಯಲ್ಲಿ ಮೂತಿ ಇಳಿಯದು, ಬಿರುಕು ಹುಡುಕಿಕೊಂಡು ಹೋಗುತ್ತದೆ. ಕುಂಡದಲ್ಲಿ ಇರುವೆ ಗೂಡಿದ್ದರೆ ಮೊದಲು ಅಲ್ಲೇ ನೋಡಿ, ಇರುವೆಯ ಮರಿಹುಳು ಇದರ ಮುಖ್ಯ ಊಟ. ದಾಖಲೆಯಲ್ಲಿ ಗಂಡೋ ಹೆಣ್ಣೋ ಅನ್ನುವ ಕಾಲಮ್ಮಿಗೆ ‘ಹೆಣ್ಣು’ ಅಂತಲೇ ಬರೆಯಿರಿ. 20 ಸಾಲಿನ ಈ ಜಾತಿ ಗಂಡಿಲ್ಲದೆಯೇ ಮರಿ ಮಾಡುತ್ತದೆ.