ಎಡಗಣ್ಣು ಮಬ್ಬಾದ ಜೀಪು

ಕಾರಟಗಿ ಸುತ್ತ ಭತ್ತದ ನಾಟಿ ಶುರುವಾಯಿತೆಂದರೆ ನನಗೆ ರಾತ್ರಿ ನಿದ್ದೆ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ನಮ್ಮ ತೂಬಿಗೆ ಬಂದಾಗ ಹೋಗಲೇಬೇಕು, ಅದು ಬರುವುದೋ ನಡುರಾತ್ರಿ. ಓಡಾಟಕ್ಕೆ ಇರುವುದು ಅಪ್ಪನ ಕಾಲದ ಮಹೀಂದ್ರಾ ಜೀಪು. ಏರಿಯ ದಾರಿ ಕಿರಿದು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರುಗದ್ದೆ. ಅಂಥ ಕಡೆ ಎಡಗಡೆ ಹೆಡ್‌ಲೈಟ್ ಮಬ್ಬಾದರೆ ಕಷ್ಟ ಅಲ್ವಾ?

ಎಲ್ಲರಂತೆ ನಾನೂ ಮೊದಲು ಬಲ್ಬ್ ಬದಲಿಸಿದೆ. ಎರಡು ದಿನ ಬೆಳಕು ಜಾಸ್ತಿ ಆದ ಹಾಗೆ ಅನ್ನಿಸಿತು. ದುಡ್ಡು ಕೊಟ್ಟ ಸಮಾಧಾನ ಇರಬೇಕು. ಆಮೇಲೆ ವೈರಿಂಗ್ ಅಂಗಡಿಯವನೊಬ್ಬ, "60/55 ಸಾಲಂಗಿಲ್ರೀ ಕಾಕಾ, 100/90 ಹಾಕಿಬಿಡೋಣು" ಎಂದ. ಮೊದಲಿನದು ಹೈ ಬೀಮಿನ ವ್ಯಾಟ್, ಎರಡನೆಯದು ಡಿಪ್ಪಿನದು. ಹಾಕಿಸಿದೆ. ವಾರದೊಳಗೆ ಬಲ್ಬಿನ ಪ್ಲಾಸ್ಟಿಕ್ ಹೋಲ್ಡರ್ ಕರಗಿತು. ತಪ್ಪು ಅವನದಷ್ಟೇ ಅಲ್ಲ, ನನ್ನದೂ ಇತ್ತು. 55 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಸಾಕು. 90 ವ್ಯಾಟಿನ ಎರಡಕ್ಕೆ 15 ಬೇಕು. ಅದೇ ಸಣಕಲು ಹಳೆ ವೈರಿನಲ್ಲಿ ಅಷ್ಟು ಕರೆಂಟ್ ಹರಿಸಿದರೆ ಕಾಯದೆ ಇನ್ನೇನಾಗುತ್ತದೆ?

ಹೊಸ ಹೋಲ್ಡರ್, ಮತ್ತೆ 60/55 ಬಲ್ಬ್ ಹಾಕಿ, ಒಂದು ಸಾದಾ ಮಲ್ಟಿಮೀಟರ್ ತಂದುಕೊಂಡು ನಾನೇ ಕೂತೆ.

ಇಲ್ಲೇ ನಾನು ಒಂದು ಮಧ್ಯಾಹ್ನ ಪೂರ್ತಿ ಮೋಸ ಹೋದದ್ದು. ಬಲ್ಬ್ ಕಿತ್ತು, ಹೋಲ್ಡರಿನ ಎರಡು ಪಿನ್ನಿಗೆ ಮೀಟರ್ ಹಿಡಿದರೆ 12.5 ವೋಲ್ಟ್ ತೋರಿಸಿತು. ಬ್ಯಾಟರಿಯಲ್ಲಿ ಇದ್ದದ್ದೂ ಅಷ್ಟೇ. ಎಲ್ಲ ಸರಿ ಇದೆ, ಬೆಳಕು ಮಾತ್ರ ಇಲ್ಲ! ಆಮೇಲೆ ಹೊಳೆಯಿತು. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ತುಕ್ಕು ಹಿಡಿದ ಜಾಗದಲ್ಲೂ ಅದು ಸಲೀಸಾಗಿ ದಾಟುತ್ತದೆ. ಬಲ್ಬ್ ಉರಿಯುವಾಗ ಅಳೆದರೆ ಮಾತ್ರ ನಿಜ ಗೊತ್ತಾಗುವುದು. ತೂಬಿನಲ್ಲಿ ಕಸ ಕಟ್ಟಿದೆಯೋ ಇಲ್ಲವೋ ಅಂತ ನೀರು ಬಿಟ್ಟಾಗಲೇ ತಾನೇ ತಿಳಿಯುವುದು?

ಹೋಲ್ಡರಿಗೆ ಬಲ್ಬ್ ಸಿಕ್ಕಿಸಿ, ಹಿಂದಿನಿಂದ ಪಿನ್ನಿಗೆ ಮೀಟರಿನ ಮೊನೆ ತಾಗಿಸಿ, ಎಂಜಿನ್ ಬಂದ್ ಇಟ್ಟು ಡಿಪ್ ಹಾಕಿದೆ. ಬ್ಯಾಟರಿಯಲ್ಲಿ 12.2. ಬಲಗಡೆ ಬಲ್ಬಿಗೆ ತಲುಪುತ್ತಿದ್ದದ್ದು 10.7. ಎಡಗಡೆಯದಕ್ಕೆ 8.9 ಮಾತ್ರ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ 30 ಕಡಿಮೆಯಾಗುತ್ತದೆ. ಅಂದರೆ ಚೆನ್ನಾಗಿದೆ ಅಂದುಕೊಂಡಿದ್ದ ಬಲಗಣ್ಣೂ ಅರ್ಧ ಮಬ್ಬೇ!

ಹೋದ ವೋಲ್ಟ್ ಎಲ್ಲಿ ಹೋಯಿತು? ಲೈಟ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಡಗಡೆ ಹೋಲ್ಡರಿನ ಅರ್ಥ್ ಪಿನ್ನಿಗೆ, ಅಂದರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಪಿನ್ನಿಗೆ ಇಟ್ಟೆ. 2.1 ವೋಲ್ಟ್. ಅಲ್ಲಿ 0.2 ದಾಟಲೇಬಾರದು. ಪ್ಲಸ್ ಕಡೆ ಅದೇ ರೀತಿ ನೋಡಿದರೆ 1.2. ಲೆಕ್ಕ ಸರಿಹೋಯಿತು. ದೊಡ್ಡ ಕಳ್ಳ ಅರ್ಥಿಂಗ್, ಚಿಕ್ಕ ಕಳ್ಳ ಬೇರೆ ಎಲ್ಲೋ ಇದ್ದಾನೆ.

ಇನ್ನೊಂದು ಒಗಟೂ ಆಗ ಬಿಡಿಸಿಕೊಂಡಿತು. ಗುಂಡಿ ಹಾರಿದಾಗ ಎಡಗಡೆ ಲೈಟ್ ಕೆಂಪಗಾಗುತ್ತಿತ್ತು, ಡಿಪ್‌ನಲ್ಲಿದ್ದರೂ ಹೈ ಬೀಮಿನ ನೀಲಿ ದೀಪ ಮಿಣಕ್ ಅನ್ನುತ್ತಿತ್ತು. ಅರ್ಥ್ ಪೂರ್ತಿ ಬಿಟ್ಟಾಗ ಕರೆಂಟಿಗೆ ವಾಪಸ್ ಹೋಗಲು ದಾರಿಯಿಲ್ಲ. ಅದು ಅದೇ ಬಲ್ಬಿನ ಹೈ ಬೀಮ್ ತಂತಿಯಲ್ಲಿ ಉಲ್ಟಾ ಹೊಕ್ಕು, ಬಲಗಡೆ ಬಲ್ಬ್ ಮತ್ತು ನೀಲಿ ದೀಪದ ಮೂಲಕ ಅರ್ಥ್ ಹುಡುಕುತ್ತದೆ. ಹಳೆ ಗಾಡಿಯಲ್ಲಿ ಈ ಮಿಣುಕು ಕಂಡರೆ ನಾನೀಗ ಬಲ್ಬ್ ಮುಟ್ಟುವುದಿಲ್ಲ. ಸೀದಾ ಅರ್ಥ್ ಬೋಲ್ಟಿಗೆ ಹೋಗುತ್ತೇನೆ.

ಆ ಬೋಲ್ಟ್ ಇದ್ದದ್ದು ಎಡಗಡೆ ಮಡ್‌ಗಾರ್ಡಿನ ಒಳಗೆ. ಚಕ್ರ ಎರಚುವ ಗದ್ದೆಯ ಕೆಸರೆಲ್ಲ ಅಲ್ಲಿಗೇ. ಬಿಚ್ಚಿದರೆ ತುಕ್ಕಿನ ಕೆಳಗೆ ಪೇಂಟ್! ಹಿಂದಿನ ವರ್ಷ ಟಿಂಕರಿಂಗ್ ಮಾಡಿಸಿದಾಗ ಬಣ್ಣ ಹೊಡೆದು, ಅದರ ಮೇಲೇ ಬೋಲ್ಟ್ ಬಿಗಿದಿದ್ದರು. ಪೇಂಟ್ ಕರೆಂಟ್ ಬಿಡುತ್ತದೆಯೇ? ಎಮರಿ ಪೇಪರಿನಿಂದ ಬಿಳಿ ತಗಡು ಕಾಣುವವರೆಗೆ ಉಜ್ಜಿದೆ. ಹೊಸ ರಿಂಗ್, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಸಾಲದ್ದಕ್ಕೆ ಅಲ್ಲಿಂದ ಬ್ಯಾಟರಿ ಮೈನಸ್ಸಿಗೆ ಒಂದು ದಪ್ಪ ವೈರ್ ಎಳೆದೆ. 2.1 ಇದ್ದದ್ದು 0.1ಕ್ಕೆ ಇಳಿಯಿತು.

ಚಿಕ್ಕ ಕಳ್ಳ ಕಾಲಿನ ಡಿಪ್ಪರ್ ಸ್ವಿಚ್. ಕೆಸರು ಕಾಲಿನಿಂದ ಇಷ್ಟು ವರ್ಷ ತುಳಿದರೆ ಅದಾದರೂ ಏನು ಮಾಡೀತು? ಲೈಟಿನ ಕರೆಂಟೆಲ್ಲ ಅದರ ಮೂಲಕವೇ ಹೋಗುತ್ತಿತ್ತು. ಸ್ವಿಚ್ ಬದಲಿಸುವ ಬದಲು ಎರಡು ರಿಲೇ ಹಾಕಿದೆ, ಡಿಪ್ಪಿಗೊಂದು, ಹೈಗೊಂದು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್, ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ. ಬ್ಯಾಟರಿ ಪ್ಲಸ್ಸಿನಿಂದ 15 ಆಂಪಿಯರ್ ಫ್ಯೂಸ್ ದಾಟಿ 30ನೇ ಪಿನ್ನಿಗೆ. 87ರಿಂದ ಲೈಟಿಗೆ. ಡಿಪ್ಪರಿನಿಂದ ಬರುವ ಹಳೆ ವೈರ್ 86ಕ್ಕೆ, 85 ಅರ್ಥಿಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರ ಇಟ್ಟರೆ ನಡುವಿನ ವೈರ್ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಕಾಯುವವರಿಲ್ಲ.

ಅಂಗಡಿಯಲ್ಲಿ ನಾಲ್ಕು ಪಿನ್ನಿನ ರಿಲೇ ಇಲ್ಲವೆಂದು ಐದು ಪಿನ್ನಿನದು ತಂದಿದ್ದೆ. ನಡುವಿನ 87ಎ ಪಿನ್ನಿಗೆ ವೈರ್ ಸಿಕ್ಕಿಸಿಬಿಟ್ಟೆ. ಆ ಪಿನ್ ರಿಲೇ ಎಳೆಯದೆ ಇದ್ದಾಗ ಕೂಡಿರುತ್ತದೆ. ಬಾಗಿಲಲ್ಲಿ ನಿಂತಿದ್ದ ಮನೆಯವಳು, "ಏನ್ರೀ ಇದು, ಸ್ವಿಚ್ ಹಾಕಿದ್ರ ಲೈಟ್ ಆರಾಕತ್ತಾವಲ್ಲ!" ಅಂತ ನಕ್ಕಳು. ವೈರ್ ಕಿತ್ತು ಪಕ್ಕದ 87ಕ್ಕೆ ಹಾಕಿದೆ. ಎಂಜಿನ್ ಓಡುವಾಗ ಎರಡೂ ಬಲ್ಬಿಗೆ 13.3 ವೋಲ್ಟ್ ತಲುಪುತ್ತಿತ್ತು.

ಆ ರಾತ್ರಿ ಏರಿಯ ಮೇಲೆ ಎದುರು ಬಂದ ಟ್ರ್ಯಾಕ್ಟರ್ ಹುಡುಗ ಗಾಡಿ ನಿಲ್ಲಿಸಿದ. "ಡಿಪ್ ಮಾಡ್ರೀ ಕಾಕಾ, ಕಣ್ಣು ಕಾಣವಲ್ದು." ನಾನು ಡಿಪ್‌ನಲ್ಲೇ ಇದ್ದೆ. ಬಲ್ಬ್, ಹೋಲ್ಡರ್ ಅಂತ ಬಿಚ್ಚಿ ಕೂಡಿಸುವಾಗ ಲೈಟಿನ ಮುಖ ಮೇಲಕ್ಕೆತ್ತಿ ಕೂತಿದ್ದು ಮಬ್ಬಿನಲ್ಲಿ ಗೊತ್ತೇ ಆಗಿರಲಿಲ್ಲ. ಮರುದಿನ ಸಂಜೆ ರೈಸ್ ಮಿಲ್ಲಿನ ಗೋಡೆಯಿಂದ 25 ಅಡಿ ದೂರದಲ್ಲಿ ಜೀಪು ನಿಲ್ಲಿಸಿ, ಸ್ಕ್ರೂ ತಿರುಗಿಸಿ ಎರಡೂ ಲೈಟನ್ನು ಕೆಳಗಿಳಿಸಿದೆ.