ಎರಡು ಪುಟದ ಅರ್ಜಿ ಎರಡು ಸಾಲಾದ ಕಥೆ

2025ರ ಮೇ 9ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕಿನಲ್ಲಿ, ವಲಸಿಗರನ್ನು ಕೂಡಿಹಾಕುವ ಡಿಲೇನಿ ಹಾಲ್ ಬಂಧನ ಕೇಂದ್ರದ ಹೊರಗೆ ಆ ಊರಿನ ಮೇಯರ್ ರಾಸ್ ಬರಾಕಾ ಅವರನ್ನೇ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಅಧಿಕಾರಿಗಳು ಬಂಧಿಸಿದರು. ಆಮೇಲೆ ಕೇಸು ಕೈಬಿಟ್ಟರು, ಅದು ಬೇರೆ ಮಾತು. ನಾನಿರುವುದು ಅಲ್ಲಿಂದ ಹೆಚ್ಚು ದೂರವಿಲ್ಲದ ಎಡಿಸನ್‌ನಲ್ಲಿ. ಮೇಯರ್‌ಗೇ ಹೀಗಾದರೆ ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ಅಕ್ಕಿ ಮೂಟೆ ಜೋಡಿಸುವ ಹುಡುಗನ ಗತಿಯೇನು ಅನ್ನಿಸಿತು.

ಅಮ್ಮನಿಗೆ ಫೋನಿನಲ್ಲಿ, "ಇಲ್ಲಿ ಐಸ್‌ನವರ ಕಾಟ ಜಾಸ್ತಿಯಾಗಿದೆ" ಅಂದೆ. "ಮೇ ತಿಂಗಳಲ್ಲೂ ಐಸ್ ಬೀಳುತ್ತೇನೋ?" ಅಂದರು. ನಾನು ಹೇಳಿದ್ದು ವಲಸಿಗರನ್ನು ಹಿಡಿದು ಗಡಿಪಾರು ಮಾಡುವ ಫೆಡರಲ್ ಇಲಾಖೆ ಐಸ್ (ICE) ಬಗ್ಗೆ.

ಆ ರಾತ್ರಿಯೇ ನನ್ನ ಕ್ಷೇತ್ರದ ರಾಜ್ಯ ಸೆನೆಟರ್‌ಗೆ ಇಮೇಲ್ ಬರೆದೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆದು ಪಳಗಿದ ಕೈ. "ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಧಾಟಿಯಲ್ಲೇ ಇಂಗ್ಲಿಷಿನಲ್ಲಿ ಎರಡು ಪುಟ ತುಂಬಿಸಿದೆ. ಸಾರ ಇಷ್ಟೇ: ಐಸ್‌ನವರನ್ನು ನಮ್ಮ ರಾಜ್ಯದೊಳಗೆ ಬಿಡಬೇಡಿ. ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ ಬಂತು. ಫೋನ್ ಮಾಡಿದೆ. ಕಚೇರಿಯ ಹುಡುಗಿ ಸಮಾಧಾನವಾಗಿ ಕೇಳಿಸಿಕೊಂಡು, "ಅದು ನಮ್ಮ ಕೈಯಲ್ಲಿಲ್ಲ ಸರ್. ನಮ್ಮ ಕೈಯಲ್ಲಿರುವುದನ್ನು ಕೇಳಿ" ಅಂದಳು.

ಹಾಗಾದರೆ ಅವರ ಕೈಯಲ್ಲಿ ಇರುವುದೇನು? ಅದನ್ನು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಫೆಡರಲ್ ಅಧಿಕಾರಿಗೆ ರಾಜ್ಯ ಅಡ್ಡ ನಿಲ್ಲುವ ಹಾಗಿಲ್ಲ. ಆದರೆ ತನ್ನ ಪೊಲೀಸರನ್ನು, ತನ್ನ ಜೈಲನ್ನು ಅವರ ಕೆಲಸಕ್ಕೆ ಕೊಡಲೇಬೇಕು ಅಂತಲೂ ಇಲ್ಲ. ಸುಪ್ರೀಂ ಕೋರ್ಟ್ 1997ರಲ್ಲಿ ಪ್ರಿಂಟ್ಜ್ ಪ್ರಕರಣದಲ್ಲಿ, ಮತ್ತೆ 2018ರಲ್ಲಿ ಮರ್ಫಿ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಎರಡನೆಯದು ನಮ್ಮ ನ್ಯೂಜೆರ್ಸಿಯದೇ ಕೇಸು, ಅದೂ ಕ್ರೀಡಾ ಬೆಟ್ಟಿಂಗ್ ಬಗ್ಗೆ! ಜೂಜಿಗಾಗಿ ಗೆದ್ದ ತೀರ್ಪು ವಲಸೆ ಬಂದವರ ಕೈಹಿಡಿಯಿತು.

2018ರ ನವೆಂಬರಿನಲ್ಲಿ ನ್ಯೂಜೆರ್ಸಿಯ ಆಗಿನ ಅಟಾರ್ನಿ ಜನರಲ್ (ರಾಜ್ಯದ ಕಾನೂನು ಇಲಾಖೆಯ ಮುಖ್ಯಸ್ಥ) ಗುರ್ಬೀರ್ ಗ್ರೆವಾಲ್ ಒಂದು ಸುತ್ತೋಲೆ ಹೊರಡಿಸಿದ್ದರು. ವಲಸೆ ವಿಚಾರಕ್ಕಾಗಿಯೇ ರಾಜ್ಯದ ಪೊಲೀಸರು ಯಾರನ್ನೂ ನಿಲ್ಲಿಸಬಾರದು, ಐಸ್ ದಾಳಿಗಳಲ್ಲಿ ಭಾಗವಹಿಸಬಾರದು ಎಂದು. ಗಂಭೀರ ಅಪರಾಧದ ಆರೋಪ ಇರುವವರ ವಿಷಯದಲ್ಲಿ ವಿನಾಯಿತಿ ಇದೆ. ಎರಡು ಕೌಂಟಿಗಳು (ನಮ್ಮ ಜಿಲ್ಲೆಗಳಂತೆ) ಇದರ ವಿರುದ್ಧ ಕೋರ್ಟಿಗೆ ಹೋಗಿ 2021ರಲ್ಲಿ ಮೇಲ್ಮನವಿಯಲ್ಲೂ ಸೋತವು. ಆದರೂ ಆಗ ಅದು ಬರೀ ಸುತ್ತೋಲೆಯೇ. ಇಲ್ಲಿ ಅಟಾರ್ನಿ ಜನರಲ್‌ರನ್ನು ನೇಮಿಸುವವರು ಗವರ್ನರ್. ನಾಳೆ ಬಂದವರು ಒಂದು ಸಹಿಯಲ್ಲಿ ಅಳಿಸಿ ಹಾಕಬಹುದಿತ್ತು. ಕಾನೂನಾದರೆ ಅಷ್ಟು ಸುಲಭವಲ್ಲ.

ಒಂದು ಭಾನುವಾರ ಪರಿಚಯದ ವಕೀಲರು ನಮ್ಮ ಮನೆಗೆ ಬಂದು ಎರಡು ನಮೂನೆಯ ಕಾಗದ ತೋರಿಸಿದರು. ಎರಡರ ಮೇಲೂ ವಾರಂಟ್ ಅಂತಲೇ ಇದೆ. ಒಂದರಲ್ಲಿ ಕೋರ್ಟಿನ ಹೆಸರು, ನ್ಯಾಯಾಧೀಶರ ಸಹಿ. ಇನ್ನೊಂದರ ನೆತ್ತಿಯಲ್ಲಿ ಇಲಾಖೆಯ ಹೆಸರು, ಕೆಳಗೆ ವಲಸೆ ಅಧಿಕಾರಿಯ ಸಹಿ. ಎರಡನೆಯದನ್ನು ಹಿಡಿದು ಬಂದವರನ್ನು ಮನೆಯೊಳಗೆ ಬಿಡಬೇಕಾಗಿಲ್ಲ ಅಂದರು ವಕೀಲರು. "ಇನ್ನೂ ನಲವತ್ತೆಂಟು ಗಂಟೆ ಇವರನ್ನು ಹಿಡಿದಿಡಿ" ಎಂದು ಐಸ್ ಜೈಲಿಗೆ ಕಳಿಸುವ ಚೀಟಿಯೂ ಬರೀ ಕೋರಿಕೆ, ಆಜ್ಞೆ ಅಲ್ಲ ಎಂದು ನಮ್ಮ ಭಾಗದ ಮೇಲ್ಮನವಿ ಕೋರ್ಟು 2014ರಲ್ಲೇ ಹೇಳಿದೆ. ಆ ಪ್ರಕರಣದಲ್ಲಿ ಹಾಗೆ ಒಳಗಿದ್ದವರು ಅಮೆರಿಕದ ಪ್ರಜೆ!

ಮುಂದಿನ ಸಲ ಫೋನಿನಲ್ಲಿ ಎರಡೇ ಸಾಲು ಹೇಳಿದೆ. "ನಾನು ನಿಮ್ಮ ಕ್ಷೇತ್ರದವನು, ಜಿಪ್ ಕೋಡ್ ಇದು. 2018ರ ಸುತ್ತೋಲೆಯನ್ನು ಕಾನೂನು ಮಾಡುವ ಮಸೂದೆಗೆ ಸೆನೆಟರ್ ಹೆಸರು ಸೇರಿಸುತ್ತಾರಾ, ಇಲ್ವಾ?" ಅದೇ ಹುಡುಗಿ. ಈ ಸಲ ಬರೆದುಕೊಂಡಳು. ಪ್ರತಿ ಕ್ಷೇತ್ರಕ್ಕೆ ಒಬ್ಬ ಸೆನೆಟರ್, ಇಬ್ಬರು ಅಸೆಂಬ್ಲಿ ಸದಸ್ಯರು. ಮೂವರಿಗೂ ಮಂಗಳವಾರ ಮಂಗಳವಾರ ಇದೇ ಎರಡು ಸಾಲು. ಆರನೆಯ ವಾರಕ್ಕೆ ಸೆನೆಟರ್ ಕಚೇರಿಯವರೇ ಬನ್ನಿ ಅಂದರು.

ನಮ್ಮ ಕನ್ನಡದವರನ್ನು ಸೇರಿಸುವುದು ಮಾತ್ರ ಕಷ್ಟವಾಯಿತು. "ಊರ ಉಸಾಬರಿ ನಮಗ್ಯಾಕೆ ಮಾರಾಯ, ನಾವು ಕಾಗದ ಸರಿ ಇರೋರು" ಅಂದ ಗೆಳೆಯ. ಅವನದು ಕೆಲಸದ ವೀಸಾ ಎಚ್-1ಬಿ, ಹೆಂಡತಿಯದು ಅದಕ್ಕೆ ಅಂಟಿದ ಎಚ್-4, ಅವಳು ಆಗ ಬಸುರಿ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ತಾನಾಗಿ ಸಿಗುವ ಜನ್ಮಸಿದ್ಧ ಪೌರತ್ವ ತೆಗೆಯಲು 2025ರ ಜನವರಿ 20ರಂದು ಬಂದ ಅಧ್ಯಕ್ಷರ ಆದೇಶ ಇಂಥವರ ಮಕ್ಕಳನ್ನೂ ಸೇರಿಸಿಯೇ ಬರೆದದ್ದು. ಮರುದಿನವೇ ಅದರ ವಿರುದ್ಧ ಕೋರ್ಟಿಗೆ ಹೋದ ರಾಜ್ಯಗಳ ಮುಂದಾಳು ನ್ಯೂಜೆರ್ಸಿ. ಇದನ್ನು ಹೇಳಿದಾಗ ಅವನು ಸುಮ್ಮನಾದ. ಆದರೂ ಸೆನೆಟರ್‌ಗೆ ಕೊಡಲಿದ್ದ ನಮ್ಮ ಪತ್ರಕ್ಕೆ ಸಹಿ ಹಾಕಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ವೀಸಾದ ಮೇಲಿರುವವನ ಭಯ ನನಗೆ ಗೊತ್ತು, ಹನ್ನೊಂದು ವರ್ಷ ಅದೇ ಭಯದಲ್ಲಿ ಇದ್ದವನು ನಾನು.

ಕಚೇರಿಗೆ ನಾವು ನಾಲ್ವರು ಹೋದೆವು. ಹದಿನೈದು ನಿಮಿಷ ಕೊಟ್ಟಿದ್ದರು. ಎರಡು ವಾರಂಟಿನ ನಮೂನೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ, ಮಾತೆಲ್ಲ ಅದರ ಸುತ್ತಲೇ ಆಯಿತು. ಸೆನೆಟರ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎರಡು ಕಾಗದದ ಪ್ರತಿ ಮಾತ್ರ ಕೇಳಿ ಇಟ್ಟುಕೊಂಡರು.

ಕಾರು ಓಡಿಸಿದ್ದು ಸಹಿ ಹಾಕದ ಗೆಳೆಯ. ನಾವು ಹೊರಗೆ ಬರುವ ತನಕ ಪಾರ್ಕಿಂಗ್ ಲಾಟಿನಲ್ಲೇ ಕೂತಿದ್ದ. "ಏನಂದ್ರು?" ಅಂತ ಕೇಳಿದ. ಮಂಗಳವಾರ ಮತ್ತೆ ಫೋನ್ ಮಾಡಬೇಕು ಅಂದೆ.