17 ಮಿಲಿಮೀಟರ್ ಹೆಲ್ಮೆಟ್ ಮೇಲೆ 13 ತಿಂಗಳು

ನಾನು ಸ್ಕೇಲ್ ಮಾಡೆಲ್ ಮಾಡೋನು. ರಾತ್ರಿ ಊಟ ಆದ್ಮೇಲೆ ಡೈನಿಂಗ್ ಟೇಬಲ್ ಮೇಲೆ ಹಳೇ ಪೇಪರ್ ಹಾಸ್ಕೊಂಡು ಕೂತ್ರೆ ಅದೇ ನನ್ನ ಸ್ಟುಡಿಯೋ. ಈ ಸಲ ಕೈಗೆ ತಗೊಂಡಿದ್ದು 1/16 ಸ್ಕೇಲಿನ (ಅಂದ್ರೆ ನಿಜಕ್ಕಿಂತ 16 ಪಟ್ಟು ಚಿಕ್ಕ) ಒಂದು ಫಿಗರ್, ವಿಯೆಟ್ನಾಂ ಯುದ್ಧದ ಅಮೆರಿಕನ್ ಮರೀನ್ (ಆರ್ಮಿಯಲ್ಲ, ಅದೇ ಬೇರೆ ಪಡೆ), ಜಾಗ ಹ್ಯೂ ಪಟ್ಟಣ, 1968ರ ಫೆಬ್ರವರಿ. ಬಟ್ಟೆ ಬೂಟು ಮುಖ ಎಲ್ಲಾ ಎರಡು ವಾರಕ್ಕೆ ಮುಗೀತು, ತಲೆ ಮೇಲಿನ ಹೆಲ್ಮೆಟ್ ಒಂದಕ್ಕೇ ಎರಡು ತಿಂಗಳು ಹಿಡೀತು. ಅದೂ ಹೆಲ್ಮೆಟ್ಟಿಗಲ್ಲ, ಅದ್ರ ಮೇಲೆ ಆ ಹುಡುಗ ಪೆನ್ನಲ್ಲಿ ಗೀಚಿರೋ ಬರಹಕ್ಕೆ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಆಗ ಅವ್ರು ಹಾಕ್ತಿದ್ದದ್ದು ಎಂ1 ಹೆಲ್ಮೆಟ್, 1941ರಲ್ಲಿ ಬಂದಿದ್ದು, ಹೊರಗೆ ಸ್ಟೀಲಿನ ಚಿಪ್ಪು, ಒಳಗೆ ಬೇರೆ ಲೈನರ್. ಎರಡನೇ ಮಹಾಯುದ್ಧದಲ್ಲೂ ಇದೇ ಹೆಲ್ಮೆಟ್ಟೇ, ಮರೀನ್‌ಗಳಿಗೆ ಆಗ್ಲೇ ಬಟ್ಟೆ ಕವರ್ ಇತ್ತು, ಆದ್ರೆ ಆರ್ಮಿಯವ್ರದ್ದು ಹೆಚ್ಚಾಗಿ ಬರೀ ಸ್ಟೀಲು, ಅದ್ರ ಮೇಲೆ ಹೊಳಪು ಬರಬಾರ್ದು ಅಂತ ತರಿತರಿ ಪೇಂಟ್ ಇರ್ತಿತ್ತು, ಅದ್ರ ಮೇಲೆ ಪೆನ್ನು ಓಡಲ್ಲ. ವಿಯೆಟ್ನಾಮಿನ ಹೊತ್ತಿಗೆ ಇಬ್ರಿಗೂ ಮೇಲೊಂದು ಕಾಟನ್ ಕವರ್ ಬಂದಿತ್ತು, ಒಂದು ಕಡೆ ಹಸಿರು ಎಲೆ ಡಿಸೈನು, ತಿರುಗ್ಸಿ ಹಾಕಿದ್ರೆ ಕಂದು ಬಣ್ಣ. ಅಂಚನ್ನ ಚಿಪ್ಪಿಗೂ ಲೈನರ್‌ಗೂ ಮಧ್ಯೆ ಸಿಗಿಸಿದ್ರೆ ಬಟ್ಟೆ ಬಿಗಿಯಾಗಿ ಕೂರುತ್ತೆ, ಅಂದ್ರೆ ತಲೆ ಮೇಲೇ ಒಂದು ನೋಟ್‌ಬುಕ್. ಊರಿನ ಹೆಸ್ರು, ಹುಡುಗಿ ಹೆಸ್ರು, ಬೈಗುಳ, ದೇವ್ರು, ಎಲ್ಲಾ ಬರೀತಿದ್ರು.

ನಮ್ಮಂಥ ಹವ್ಯಾಸಿಗಳಲ್ಲಿ ಹೆಚ್ಚಿನೋರು ಹೆಲ್ಮೆಟ್ ಮೇಲೆ ಬರೆಯೋದು 'ವಾರ್ ಈಸ್ ಹೆಲ್' (ಯುದ್ಧ ಅಂದ್ರೆ ನರಕ). ಫೋಟೋಗ್ರಾಫರ್ ಹಾರ್ಸ್ಟ್ ಫಾಸ್ 1965ರ ಜೂನ್‌ನಲ್ಲಿ ಫುಕ್ ವಿನ್ ಏರ್‌ಸ್ಟ್ರಿಪ್ ಹತ್ರ ತೆಗೆದ ಫೋಟೋ ಇದ್ಯಲ್ಲ, 173ನೇ ಏರ್‌ಬೋರ್ನ್ ಬ್ರಿಗೇಡಿನ ಹುಡುಗ, ಮುಖದಲ್ಲಿ ಸಣ್ಣ ನಗು, ಅದ್ರಿಂದ ಬಂದಿದ್ದು. ಒಳ್ಳೇ ಫೋಟೋ, ಆದ್ರೆ ಎಲ್ಲರ ಫಿಗರ್ ಮೇಲೂ ಅದನ್ನೇ ನೋಡಿ ನೋಡಿ ನಂಗೆ ಸಾಕಾಗಿತ್ತು. ನಂಗೆ ಬೇಕಾಗಿದ್ದದ್ದು ಕ್ಯಾಲೆಂಡರ್. ತಿಂಗಳ ಹೆಸ್ರು ಒಂದರ ಕೆಳಗೊಂದು ಬರ್ದು, ಕಳೆದ ತಿಂಗಳನ್ನ ಗೀಟು ಹಾಕಿ ಹೊಡೆದುಹಾಕ್ತಿದ್ರಲ್ಲ, ಅದು. ಈ ಯುದ್ಧಕ್ಕೇ ಅದು ಯಾಕೆ ಅಷ್ಟು ಅಂಟ್ಕೊಳ್ತು ಅಂದ್ರೆ, ಎರಡನೇ ಮಹಾಯುದ್ಧದಲ್ಲಿ ಯುದ್ಧ ಮುಗಿಯೋವರೆಗೂ ಇರ್ಬೇಕಿತ್ತು, ಎಣಿಸೋಕೆ ತಾರೀಕೇ ಇಲ್ಲ. ಇಲ್ಲಿ ಹಾಗಲ್ಲ, ಇಷ್ಟೇ ತಿಂಗಳು ಅಂತ ಲೆಕ್ಕ, ಒಬ್ಬೊಬ್ಬನೂ ಬೇರೆ ಬೇರೆ ದಿನ ಬಂದು ಬೇರೆ ಬೇರೆ ದಿನ ಹೋಗೋನು, ಪಕ್ಕದಲ್ಲಿ ಮಲಗಿರೋನ ತಾರೀಕು ಬೇರೆ, ಇವನದ್ದು ಬೇರೆ. ವಾಪಸ್ ಹೋಗೋ ತಾರೀಕಿಗೆ ಡೀರೋಸ್ ಅಂತ ಹೆಸ್ರು, ಅದು ಹತ್ರ ಬಂದೋನು 'ಶಾರ್ಟ್'.

ಮೊದಲ್ನೇ ಸಲ ಏನ್ ಮಾಡ್ದೆ ಅಂದ್ರೆ, ಜನವರಿಯಿಂದ ಡಿಸೆಂಬರ್‌ವರೆಗೆ ನೀಟಾಗಿ ಹನ್ನೆರಡು ತಿಂಗಳು ಬರ್ದು, ಹನ್ನೊಂದನ್ನ ಹೊಡೆದುಹಾಕಿ, ಫೋಟೋ ತೆಗ್ದು ಗ್ರೂಪಿಗೆ ಹಾಕ್ದೆ. ಲೈಕ್ ಬಂತು. ಆಮೇಲೆ ಒಬ್ರು ಹಿರಿಯರು ಎರಡೇ ಸಾಲು ಬರೆದ್ರು: "ಇವ್ನು ಜನವರಿ ಒಂದನೇ ತಾರೀಕು ಆಫೀಸಿಗೆ ಸೇರ್ದಂಗೆ ಸೇರ್ಕೊಂಡ್ನಾ? ಮತ್ತೆ ಮರೀನ್‌ಗೆ 13 ತಿಂಗಳು ಕಣಪ್ಪಾ, 12 ಆರ್ಮಿಯವ್ರಿಗೆ." ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಯಾಕಂದ್ರೆ ಎರಡೂ ನಂಗೆ ಗೊತ್ತಿದ್ದ ವಿಷ್ಯವೇ, ಬರೆಯೋವಾಗ ಗೋಡೆ ಕ್ಯಾಲೆಂಡರ್ ತಲೇಲಿತ್ತು ಅಷ್ಟೆ. ಇನ್ನೂ ಒಂದು ಅವ್ರು ಹೇಳ್ಲಿಲ್ಲ, ನಾನೇ ಆಮೇಲೆ ನೋಡ್ಕೊಂಡೆ. ಒಂದು ವರ್ಷ ಬಿಸಿಲು ಮಳೆ ಕಂಡಿರೋ ಕವರ್ ಮೇಲೆ ಎಲ್ಲಾ ತಿಂಗಳೂ ಒಂದೇ ಕಪ್ಪು, ಒಂದೇ ಪೆನ್ನು, ಒಂದೇ ಸಂಜೆ ಕೂತು ಬರ್ದಂಗಿತ್ತು. ಹೌದು, ಒಂದೇ ಸಂಜೇಲಿ ಬರ್ದಿದ್ದೇ, ಆದ್ರೆ ಅದು ಕಾಣಬಾರ್ದಲ್ವಾ.

ಥಿನ್ನರ್ ಹಾಕಿ ಎಲ್ಲಾ ಒರೆಸಿದೆ. ಮತ್ತೆ ಕವರ್ ಪೇಂಟ್ ಮಾಡ್ದೆ, ಎಲೆ ಡಿಸೈನ್ ಮತ್ತೆ, ಅದೊಂದು ನಾಲ್ಕು ರಾತ್ರಿ.

ಈ ಸಲ ಬರೆಯೋ ಮುಂಚೆ ಒಂದು ಪ್ರಯೋಗ ಮಾಡ್ದೆ. ಮನೇಲಿದ್ದ ಹಳೇ ಕಾಟನ್ ದಿಂಬಿನ ಕವರ್ ತಗೊಂಡು ಸ್ಕೂಟರ್ ಹೆಲ್ಮೆಟ್ ಮೇಲೆ ಬಿಗಿಯಾಗಿ ಎಳ್ದು ಒಳಗಡೆ ಟೇಪ್ ಹಾಕಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು, ಹೆಲ್ಮೆಟ್ಟನ್ನ ತೊಡೆ ಮೇಲೆ ಇಟ್ಕೊಂಡು ಬಾಲ್‌ಪೆನ್ನಲ್ಲಿ ಬರ್ದೆ. (ಹಳೇ ಕವರ್ ಅಂತ ನಾನು ಅನ್ಕೊಂಡಿದ್ದು, ಮನೆಯವ್ರ ಅಭಿಪ್ರಾಯ ಬೇರೆ ಇತ್ತು.) ಎಷ್ಟೊಂದು ಗೊತ್ತಾಯ್ತು ಅಂದ್ರೆ! ಬಟ್ಟೆ ಮೇಲೆ ಬಾಲ್‌ಪೆನ್ ಒಂದೇ ಗೆರೇಲಿ ಮೂಡಲ್ಲ, ನೂಲಿಗೆ ಸಿಕ್ಕಾಕ್ಕೊಳ್ಳುತ್ತೆ, ಹಂಗಾಗಿ ಅದೇ ಗೆರೆ ಮೇಲೆ ಮೂರು ನಾಲ್ಕು ಸಲ ಉಜ್ತೀವಿ, ಅಕ್ಷರ ದಪ್ಪ ಆಗುತ್ತೆ, ಅಂಚು ಜೋಡಿಗೆರೆ ಥರ ಕಾಣುತ್ತೆ. ದುಂಡಗಿನ ಅಕ್ಷರ ಬರೆಯೋಕೇ ಆಗಲ್ಲ, ಓ ಬರೆದ್ರೆ ಚೌಕ ಆಗುತ್ತೆ. ಸಾಲು ಬಲಗಡೆ ಬರ್ತಾ ಬರ್ತಾ ಕೆಳಗೆ ಜಾರುತ್ತೆ, ಯಾಕಂದ್ರೆ ಹೆಲ್ಮೆಟ್ ಉಬ್ಬಿದೆ, ಕೈ ಜೊತೆ ಅದೂ ಉರುಳುತ್ತೆ. ಹೊಡೆದುಹಾಕೋ ಗೀಟು ಮಾತ್ರ ಜೋರಾಗಿ ಬರುತ್ತೆ, ಅಕ್ಷರಕ್ಕಿಂತ ಅದೇ ಕಪ್ಪು. ಇದೊಂದೂ ನನ್ನ ಮೊದಲ್ನೇ ಹೆಲ್ಮೆಟ್ ಮೇಲೆ ಇರ್ಲಿಲ್ಲ, ಅದು ಮದುವೆ ಕಾರ್ಡಿನ ಪ್ರಿಂಟ್ ಥರ ಇತ್ತು.

ಈಗ ಲೆಕ್ಕ. ನಿಜವಾದ ಹೆಲ್ಮೆಟ್ ಸುಮಾರು 28 ಸೆಂ.ಮೀ. ಉದ್ದ, ನನ್ನದು 17 ಮಿ.ಮೀ. ಸುತ್ತ ಇರೋ ಎಲಾಸ್ಟಿಕ್ ಬ್ಯಾಂಡ್ ಕೆಳಗಿನ ಜಾಗ ತಿನ್ನುತ್ತೆ, ಬರೆಯೋಕೆ ಸಿಗೋದು ಅದ್ರ ಮೇಲಿನ 6-7 ಮಿ.ಮೀ. ಹದಿಮೂರು ತಿಂಗಳನ್ನ ಮೂರು ಕಾಲಂ ಮಾಡಿದ್ರೂ ಒಂದು ಅಕ್ಷರಕ್ಕೆ 1 ಮಿ.ಮೀ. ಎತ್ತರ. ಅವೆನ್ಯೂ ರೋಡಲ್ಲಿ ಸಿಗೋ 005 ನಂಬರಿನ ಡ್ರಾಯಿಂಗ್ ಪೆನ್ ಗೆರೆ 0.2 ಮಿ.ಮೀ. ಇಂಗ್ಲಿಷ್ 'ಇ' ಅಕ್ಷರಕ್ಕೆ ಮೂರು ಅಡ್ಡಗೆರೆ, ಮಧ್ಯೆ ಎರಡು ಗ್ಯಾಪ್, ಒಟ್ಟು ಐದು, ಕರೆಕ್ಟಾಗಿ 1 ಮಿ.ಮೀ. ಆಯ್ತು, ಉಸಿರಾಡೋಕೂ ಜಾಗ ಇಲ್ಲ. ಆಮೇಲೆ 0.2ನ 16ರಿಂದ ಗುಣಿಸಿದ್ರೆ 3.2 ಮಿ.ಮೀ., ಅಂದ್ರೆ ಅದು ಬಾಲ್‌ಪೆನ್ ಗೆರೆ ಅಲ್ಲ, ಮಾರ್ಕರ್ ಗೆರೆ. ಸರಿ, ನನ್ನ ಹುಡುಗನ ಹತ್ರ ಮಾರ್ಕರ್ ಇತ್ತು ಅಂದ್ಕೊಂಡೆ. ಇಲ್ಲಾಂದ್ರೆ ಉಜ್ಜಿ ಉಜ್ಜಿ ದಪ್ಪ ಮಾಡಿದ್ದಾನೆ ಅನ್ಕೊಳ್ಳಿ.

ಈಗ ತಿಂಗಳು ಸರಿಮಾಡ್ಕೊಂಡೆ. 1967ರ ಫೆಬ್ರವರೀಲಿ ಬಂದಿದ್ದಾನೆ, ಹಾಗಾಗಿ ಕ್ಯಾಲೆಂಡರ್ ಫೆಬ್ ಇಂದ ಶುರು, ಮತ್ತೆ ಫೆಬ್‌ಗೇ ಮುಗಿಯುತ್ತೆ. ಮೊದಲು ಹದಿಮೂರೂ ಹೆಸ್ರು ಬರ್ದೆ, ಯಾಕಂದ್ರೆ ಅವ್ನೂ ಮೊದಲ್ನೇ ವಾರದಲ್ಲೇ ಬರ್ದಿರ್ತಾನೆ. ಒಂದಿನ ಒಣಗೋಕೆ ಬಿಟ್ಟು, ಬಟ್ಟೆ ಬಣ್ಣವನ್ನೇ ನೀರು ನೀರಾಗಿ ಮಾಡಿ ಮೇಲೆ ಒಂದು ತೆಳು ಕೋಟ್. ಅಕ್ಷರ ಸ್ವಲ್ಪ ಮಸುಕಾಯ್ತು. ಆಮೇಲೆ ಮೊದಲ ನಾಲ್ಕು ತಿಂಗಳಿಗೆ ಗೀಟು. ಮತ್ತೆ ಕೋಟ್. ಮುಂದಿನ ನಾಲ್ಕಕ್ಕೆ ಗೀಟು, ಈ ಸಲ ನೀಲಿ ಪೆನ್ನು, ಎಂಟು ತಿಂಗಳು ಒಂದೇ ಪೆನ್ನು ಯಾರ ಹತ್ರ ಉಳಿಯುತ್ತೆ ಹೇಳಿ. ಮತ್ತೆ ಕೋಟ್. ಕೊನೇ ನಾಲ್ಕಕ್ಕೆ ಕಪ್ಪು, ಅದ್ರ ಮೇಲೆ ಕೋಟ್ ಇಲ್ಲ. ಹಂಗಾಗಿ ಹಳೇ ಗೀಟು ಬಟ್ಟೆ ಒಳಗೆ ಇಳಿದಂಗೆ, ಜನವರಿ ಗೀಟು ನಿನ್ನೆ ಹಾಕ್ದಂಗೆ ಕಾಣುತ್ತೆ. ಕೊನೇ ಫೆಬ್ ಹಂಗೇ ಬಿಟ್ಟೆ, ಯಾಕಂದ್ರೆ ಅವ್ನು ಇನ್ನೂ ಆ ತಿಂಗಳಲ್ಲೇ ಇದ್ದಾನೆ, ಹ್ಯೂನಲ್ಲಿ ಕಾಳಗ ಜನವರಿ 31ಕ್ಕೆ ಶುರುವಾಗಿ ಮಾರ್ಚ್ ಮೊದಲ ದಿನಗಳವರೆಗೂ ನಡೀತು.

ಪೀಸ್ ಸಿಂಬಲ್ ಹಾಕೋ ಆಸೆ ಇತ್ತು, 1958ರಲ್ಲಿ ಜೆರಾಲ್ಡ್ ಹೋಲ್ಟಮ್ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆ ಬರ್ದಿದ್ದು. ಟ್ರೈ ಮಾಡ್ದೆ, ಮಧ್ಯದ ಗೆರೆ ಕೆಳಗಿನವರೆಗೂ ಎಳೆಯೋದು ಮರ್ತು ಒಂದು ಗೆರೆ ಕಮ್ಮಿಯಾಗಿ ಬೆಂಜ್ ಕಾರಿನ ಗುರುತು ಥರ ಆಯ್ತು, ಅಳಿಸ್ಬಿಟ್ಟೆ. 1970ರ ಫಿಗರ್ ಆಗಿದ್ರೆ ಮತ್ತೆ ಟ್ರೈ ಮಾಡ್ತಿದ್ದೆನೋ ಏನೋ.

ವಾರ್ನಿಷ್ ವಿಷ್ಯದಲ್ಲಿ ಒಂದು ಎಚ್ಚರಿಕೆ. ಬ್ರಷ್ಷಲ್ಲಿ ಹಚ್ಚಬೇಡಿ. ನಾನು ಟೆಸ್ಟ್ ಪೀಸ್ ಮೇಲೆ ಹಚ್ಚಿ ನೋಡ್ದೆ, ಎರಡನೇ ಸಲ ಬ್ರಷ್ ಎಳೆದಿದ್ದಕ್ಕೇ ಮೇ, ಜೂನ್ ಎರಡೂ ಸೇರಿ ಕಾಡಿಗೆ ಅತ್ತಂಗಾಯ್ತು. ಮ್ಯಾಟ್ ಸ್ಪ್ರೇ, ಒಂದಡಿ ದೂರದಿಂದ, ತೆಳುವಾಗಿ ಎರಡು ಸಲ, ಮಧ್ಯೆ ಅರ್ಧ ಗಂಟೆ. ಸಿಡಿ ಮಾರ್ಕರ್ ಉಪಯೋಗಿಸಿದ್ರಂತೂ ಸ್ಪ್ರೇ ಬಿದ್ದ ತಕ್ಷಣ ಹರಡ್ಕೊಳ್ಳುತ್ತೆ, ಅದನ್ನ ಡಬ್ಬದಲ್ಲೇ ಇಡಿ.

ಮುಗಿದ ಮೇಲೆ ಕೆಳಗಿನ ಮನೆ ಅಂಕಲ್‌ಗೆ ತೋರಿಸ್ದೆ, ರಿಟೈರ್ಡ್ ಸುಬೇದಾರ್, ಮಡಿಕೇರಿ ಕಡೆಯವ್ರು. ಭೂತಗನ್ನಡಿ ಹಿಡ್ಕೊಂಡು ತುಂಬಾ ಹೊತ್ತು ನೋಡಿದ್ರು. "ನಾವು ಹಿಂಗೆ ಗೀಚಿದ್ರೆ ಮೇಲಿನೋರು ಗ್ರೌಂಡ್ ಸುತ್ತಿಸ್ತಿದ್ರು ಮಾರಾಯ" ಅಂದ್ರು. ಆಮೇಲೆ ಬೆರಳು ಮಡಿಸಿ ತಿಂಗಳು ಎಣಿಸಿದ್ರು, ಹದಿಮೂರು ಇದ್ಯಾ ಅಂತ. ಇತ್ತು.

ಮುಂದಿನದು 1/6 ಸ್ಕೇಲು. ಅದ್ರಲ್ಲಿ ಇದೇ ಪೆನ್ನಿನ ಗೆರೆ 1.2 ಮಿ.ಮೀ. ಅಷ್ಟಕ್ಕೆ ಬರುತ್ತೆ, ನಿಜವಾದ ಬಾಲ್‌ಪೆನ್ ಬರಹ ಮಾಡ್ಬಹುದು. ಕವರ್ ಕೂಡ ಪೇಂಟ್ ಅಲ್ಲ, ಬಟ್ಟೇದೇ ಹೊಲಿಬೇಕು ಅಂತಿದೀನಿ. ಅದಕ್ಕೆ ಇನ್ನೊಂದು ದಿಂಬಿನ ಕವರ್ ಬೇಕು, ಮನೇಲಿ ಇನ್ನೂ ಕೇಳಿಲ್ಲ.